ಅಪ್ಪನ ತೊಡೆಯ ಮೇಲಿದ್ದ ಐದನೇ ಡಬ್ಬಿ

ನಾನು ಚಿಕ್ಕವಳಿದ್ದಾಗ ನನ್ನ ಅಪ್ಪ ಮಳೆಯನ್ನೂ ಸುಮ್ಮನೆ ನಂಬುತ್ತಿರಲಿಲ್ಲ. ಹನಿ ಬಿದ್ದ ಸಪ್ಪಳ ಕೇಳಿದರೆ ಹೊರಗೆ ಬಂದು ಅಂಗೈ ಚಾಚುತ್ತಿದ್ದ. ಅಂಗೈ ಒದ್ದೆಯಾದ ಮೇಲೆ ಅದನ್ನು ಮೂಸಿ ನೋಡಿ, "ಮಳೀನ ಇರಬೇಕು" ಅನ್ನುತ್ತಿದ್ದ. ಮನೆಗೆ ಬಂದ ಬೀಗರು ಊಟ ಚಲೋ ಆಗಿತ್ತು ಅಂದರೆ, ಯಾಕೆ ಹಾಗೆ ಅಂದರು ಎಂದು ಎರಡು ದಿನ ಯೋಚಿಸುತ್ತಿದ್ದ.

ಮಕ್ಕಳೇ, ಅಂಥ ಅಪ್ಪನ ಜೊತೆ ಕೂತು ನಾನು ನನ್ನ ಮೊದಲ ಸಿನಿಮಾ ನೋಡಿದೆ. ಪೂರ್ತಿ ಅಲ್ಲ, ಐದರಲ್ಲಿ ನಾಲ್ಕು ಪಾಲು. ಉಳಿದ ಒಂದು ಪಾಲು ನೋಡುವುದಕ್ಕೆ ನನಗೆ ಹತ್ತಿರ ಹತ್ತಿರ ಎಪ್ಪತ್ತು ವರ್ಷ ಹಿಡಿಯಿತು. ಅದು ಹೋದ ರವಿವಾರ ಮುಗಿಯಿತು. ಆವತ್ತಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಕಲಿತದ್ದು ಮರಾಠಿ ಸಾಲೆಯಲ್ಲಿ, ಅದೂ ಮೂರನೇ ಇಯತ್ತೆಯವರೆಗೆ, ನಿಮ್ಮ ಮೂರನೇ ತರಗತಿ. ಕನ್ನಡ ಬರೆಯುವುದನ್ನು ಆಮೇಲೆ ಅಕ್ಕ ಕಲಿಸಿದಳು. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ನಮ್ಮದು ಉಮದಿಗೆ ಹೋಗುವ ದಾರಿಯ ಮೇಲಿನ ಸಣ್ಣ ಹಳ್ಳಿ. ಸುತ್ತ ಎತ್ತ ನೋಡಿದರೂ ಕಲ್ಲು ಮಾಳ, ಜಾಲಿ ಗಿಡ, ಮೇಲೆ ಇಷ್ಟಗಲ ಆಕಾಶ. ಅಪ್ಪನಿಗೆ ಕುಸುಬಿ, ಜೋಳದ ವ್ಯಾಪಾರ. ಕಾಳು ತುಂಬುವ ಉದ್ದನೆಯ ಕಟ್ಟಡ ಒಂದಿತ್ತು, ಅದಕ್ಕೆ ನಾವು ವಖಾರಿ ಅನ್ನುತ್ತಿದ್ದೆವು. ವ್ಯಾಪಾರ ಏನಿದ್ದರೂ ಅಪ್ಪನ ಜೀವ ಮಾತ್ರ ದನಗಳಲ್ಲಿತ್ತು. ಆ ವರ್ಷ ನಮ್ಮ ಖಿಲಾರಿ ಆಕಳು ಗಂಡು ಕರು ಹಾಕಿತ್ತು. ಬೆಳ್ಳಗೆ, ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ಕಪ್ಪು ಅಂಚು. ಅದರ ಬೆನ್ನ ಮೇಲೆ ಕೈಯಿಟ್ಟರೆ ಚರ್ಮ ಅಲೆಅಲೆಯಾಗಿ ನಡುಗುತ್ತಿತ್ತು. ಅಪ್ಪ ಯಾರ ಕಣ್ಣೂ ತಾಗಬಾರದೆಂದು ಅದನ್ನು ಹಿತ್ತಲಲ್ಲಿ ಕಟ್ಟಿಸುತ್ತಿದ್ದ. ಕಟ್ಟುವ ಕೆಲಸ ನನ್ನದು. ಗೂಟಕ್ಕೆ ಹಗ್ಗವನ್ನು ಎರಡು ಸುತ್ತು ಸುತ್ತಿ ಗಂಟು ಹಾಕಬೇಕು. ಒಂದೇ ಸುತ್ತಿಗೆ ಆ ಕರು ನಿಲ್ಲುತ್ತಿರಲಿಲ್ಲ.

ಬಿಸಿಲುಗಾಲದ ಒಂದು ಮುಂಜಾನೆ ಸಿನಿಮಾದವನು ಬಂದ. ಎಲ್ಲರೂ ಅವನನ್ನು ಸಿನಿಮಾ ಕಾಕಾ ಅನ್ನುತ್ತಿದ್ದರು. ಎತ್ತಿನ ಗಾಡಿಯಲ್ಲಿ ಮಶೀನು, ಎಂಜಿನ್ನು, ಮಡಿಸಿದ ಬಿಳಿ ಬಟ್ಟೆ, ಸಿನಿಮಾದ ರೀಲು ತುಂಬಿದ ತಗಡಿನ ಐದು ಡಬ್ಬಿ. ಡಫಳಾಪುರದಲ್ಲಿ ಸುಂಟರಗಾಳಿಗೆ ಅವನ ಡೇರೆ ಹರಿದುಹೋಗಿತ್ತಂತೆ. ಸಂಜೆಯೊಳಗೆ ಉಮದಿ ಮುಟ್ಟಬೇಕು, ಅದಕ್ಕೇ ಹಗಲಲ್ಲೇ ಒಂದು ಆಟ ಆಡಿಸಿ ಹೋಗುತ್ತೇನೆ, ಕತ್ತಲೆ ಇರುವ ಕಟ್ಟಡ ಬೇಕು ಅಂದ. ಊರಲ್ಲಿ ಅಂಥದ್ದು ನಮ್ಮ ವಖಾರಿ ಒಂದೇ.

ಅಪ್ಪ ಕೂಡಲೇ ಅವನನ್ನು ಬಿಟ್ಟು ಅವನ ಗಾಡಿ ಹೊಡೆಯುವವನನ್ನು ನೋಡಿದ. ಆ ಮನುಷ್ಯ ಕಣ್ಣು ಮಾತ್ರ ಕಾಣುವಂತೆ ಮುಖಕ್ಕೆಲ್ಲ ರುಮಾಲು ಸುತ್ತಿಕೊಂಡಿದ್ದ. ಒಂದು ಮಾತೂ ಆಡುತ್ತಿರಲಿಲ್ಲ.

"ಅವನ ಮಾರಿಗಿ ಏನಾಗ್ಯದ?" ಅಪ್ಪ ಕೇಳಿದ.

"ಏನಿಲ್ರಿ ಸಾವಕಾರ್ರ, ಧೂಳರಿ," ಅಂದ ಕಾಕಾ.

"ಧೂಳ ನಮಗೂ ಅದ. ನಾವು ಮಾರಿ ಮುಚ್ಚಿಕೊಂಡೀವೇನು?"

ಕಾಕಾ ನಕ್ಕು ಒಂದು ಹಳದಿ ಚೀಟಿ ಕೊಟ್ಟ. ಅದು ಮರಾಠಿಯಲ್ಲಿತ್ತು. ಅಕ್ಕ ಐದನೇ ಇಯತ್ತೆ ಓದುತ್ತಿದ್ದವಳು, ಗಟ್ಟಿಯಾಗಿ ಓದಿದಳು. ಕುದುರೆ, ಬಂದೂಕು, ಮರುಭೂಮಿ ಎಂದೆಲ್ಲ ಇತ್ತು. ಕೊನೆಗೆ ದಪ್ಪ ಅಕ್ಷರದಲ್ಲಿ, ಇದು ಅಮೇರಿಕೆಯ ದೊಡ್ಡ ದಿಗ್ದರ್ಶಕನದು ಎಂದು ಬರೆದಿತ್ತು. ನೀವು ನಿರ್ದೇಶಕ ಅನ್ನುತ್ತೀರಲ್ಲ, ಸಿನಿಮಾ ಮಾಡಿಸುವವನು, ಅವನಿಗೆ ಮರಾಠಿಯಲ್ಲಿ ದಿಗ್ದರ್ಶಕ ಅನ್ನುತ್ತಾರೆ. ಆಗ ನಮಗ್ಯಾರಿಗೂ ಅದು ಗೊತ್ತಿರಲಿಲ್ಲ.

"ದಿಗ್ದರ್ಶಕ ಅಂದ್ರ?" ಅಂದ ಅಪ್ಪ.

"ದಿಕ್ಕ ತೋರ್ಸಾವ," ಅಂದಳು ಅಕ್ಕ, ಗುರೂಜಿ ಕೇಳಿದ ಪ್ರಶ್ನೆಗೆ ಹೇಳಿದ ಹಾಗೆ.

"ಯಾರಿಗಿ?"

ಅಕ್ಕ ಚೀಟಿಯನ್ನು ತಿರುಗಿಸಿ ಹಿಂಬದಿ ನೋಡಿದಳು. ಅಪ್ಪನ ಹುಬ್ಬು ಗಂಟಾಯಿತು. ಊರವರೆಲ್ಲ ಕತ್ತಲೆಯ ವಖಾರಿಯಲ್ಲಿ, ಬಾಗಿಲು ಹಾಕಿಕೊಂಡು. ಮನೆಗಳೆಲ್ಲ ಖಾಲಿ. ಅಂಥ ಹೊತ್ತಿನಲ್ಲಿ ಒಬ್ಬ ದಿಕ್ಕು ತೋರಿಸುವವನು. ಯಾವ ಮನೆ ಎತ್ತ, ಯಾವ ಹಿತ್ತಲು ಎತ್ತ ಎಂದು ಕಳ್ಳರಿಗೆ ತೋರಿಸದೆ ಇನ್ನೇನು ತೋರಿಸುತ್ತಾನೆ?

"ನಿಮ್ಮ ದಿಗ್ದರ್ಶಕ ಈಗ ಎಲ್ಲಿ ಅದಾನ?"

"ಅವ ಅಮೇರಿಕಾದಾಗ ಇರ್ತಾನ್ರಿ. ಇಲ್ಲಿಗ್ಯಾಕ ಬರ್ತಾನ?"

"ಅಲ್ಲಿ ಕುಂತು ಇಲ್ಲಿ ದಿಕ್ಕ ತೋರಸ್ತಾನ?"

ಕಾಕಾ ತಲೆ ಕೆರೆದುಕೊಂಡ. "ಹಂಗ ತಿಳೀರಿ," ಅಂದ. ಅಲ್ಲಿಗೆ ಅಪ್ಪನ ಸಂಶಯ ಗಟ್ಟಿಯಾಯಿತು.

ಆದರೂ ಊರವರು ಬಿಡಲಿಲ್ಲ. ಆಗ ಅಪ್ಪ ಒಂದು ಕರಾರು ಹಾಕಿದ. ಐದನೇ ಡಬ್ಬಿ ತನ್ನ ಕೈಯಲ್ಲಿರಬೇಕು. ನಾಲ್ಕು ಡಬ್ಬಿ ಮುಗಿದ ಮೇಲೆ ತಾನು ಊರೊಳಗೆ ಒಂದು ಸುತ್ತು ಹಾಕಿ ಬರುತ್ತಾನೆ. ಎಲ್ಲ ಬರೋಬರಿ ಇದ್ದರೆ ಐದನೆಯದು ಕೊಡುತ್ತಾನೆ, ಇಲ್ಲದಿದ್ದರೆ ಡಬ್ಬಿಯೂ ಇಲ್ಲ, ಕಾಕಾ ಊರು ಬಿಡುವುದೂ ಇಲ್ಲ. ಕಾಕಾ ಒಂದು ಕ್ಷಣ ಯೋಚಿಸಿ ಐದನೇ ಡಬ್ಬಿಯನ್ನು ಕೂಸನ್ನು ಕೊಟ್ಟ ಹಾಗೆ ಎರಡೂ ಕೈಯಿಂದ ಕೊಟ್ಟ.

ಕಿಟಕಿಗಳಿಗೆ ಕಂಬಳಿ ಹೊಚ್ಚಿದರು. ಎಂಜಿನ್ನು ಹೊರಗೆ ದಡದಡ ಶುರುವಾಯಿತು. ಆ ಸಪ್ಪಳ ಕೇಳಿದಾಗ ನಾನಿನ್ನೂ ಹಿತ್ತಲಲ್ಲಿ ಕರುವಿನ ಹಗ್ಗ ಹಿಡಿದು ನಿಂತಿದ್ದೆ. ಒಂದು ಸುತ್ತು ಹಾಕಿದೆ. ಎರಡನೆಯದು ಹಾಕಿದೆನೋ ಇಲ್ಲವೋ ಎಂದು ಯೋಚಿಸುವಷ್ಟರಲ್ಲಿ ವಖಾರಿಯ ಬಾಗಿಲು ದಾಟಿದ್ದೆ.

ಒಳಗೆ ಸೀಮೆಎಣ್ಣೆಯ ವಾಸನೆ, ಕುಸುಬಿಯ ಧೂಳು, ಬೆವರು, ಯಾರದೋ ಸೆರಗಿನಲ್ಲಿ ಹುರಿದ ಶೇಂಗಾ. ಅಪ್ಪ ಬಾಗಿಲ ಹತ್ತಿರ ಚೀಲದ ಮೇಲೆ ಕೂತಿದ್ದ, ತೊಡೆಯ ಮೇಲೆ ಡಬ್ಬಿ, ಕೈಯಲ್ಲಿ ಬಡಿಗೆ. ಇಂಗ್ಲಿಷ್ ಮಾತು ಯಾರಿಗೂ ತಿಳಿಯುವುದಿಲ್ಲವೆಂದು ಕಾಕಾ ಮಶೀನು ಚಾಲೂ ಮಾಡಿ ಬಂದು ಪರದೆಯ ಪಕ್ಕ ಕೋಲು ಹಿಡಿದು ನಿಂತು ಕಥೆ ಹೇಳುತ್ತಿದ್ದ. ಆ ಕಥೆಯನ್ನು ಮಿರಜದಲ್ಲಿ ಯಾರೋ ಬಾಯಿಪಾಠ ಮಾಡಿಸಿ ಕಳಿಸಿದ್ದರು, ಅವನಿಗಿನ್ನೂ ಪೂರ್ತಿ ಬಂದಿರಲಿಲ್ಲ.

ಬಟ್ಟೆಯ ಮೇಲೆ ಮೊದಲು ಬಂದದ್ದು ಆಕಾಶ. ಮುಕ್ಕಾಲು ಪಾಲು ಆಕಾಶ, ಕೆಳಗೆ ಒಂದು ಗೆರೆಯಷ್ಟು ನೆಲ. ಕಲ್ಲು, ಮುಳ್ಳು, ಒಣ ಮಣ್ಣು. "ಏ, ಇದು ನಮ್ಮ ಸೊರಡಿ ಮಾಳ," ಅಂದರು ಯಾರೋ. ಆ ನೆಲದ ಮೇಲೆ ಎಳ್ಳಿನ ಕಾಳಿನಷ್ಟು ಒಂದು ಕಪ್ಪು ಚುಕ್ಕಿ. ಅದು ಅಲುಗಿದಂತೆ ಕಾಣಲಿಲ್ಲ. ಯಾರೂ ಮಾತಾಡಲಿಲ್ಲ, ಸಂಗೀತವೂ ಇಲ್ಲ. ಜನ ಮಿಸುಕಾಡತೊಡಗಿದರು. "ಮುಗಲ ತೋರ್ಸಾಕ ಮಶೀನ ಯಾಕ ಬೇಕಿತ್ತು, ಹೊರಗ ಹೋಗಿ ನಿಂತಿದ್ರ ಕಾಣ್ತಿತ್ತು," ಅಂದಳು ನಮ್ಮವ್ವ.

ಕಾಕಾ ಕೋಲು ತೋರಿಸಿ, "ನೋಡ್ರಿ, ಒಬ್ಬ ಸವಾರ ಊರ ಬಿಟ್ಟ ದೂರ ಹೊಂಟಾನ," ಅಂದ.

"ಹೊಂಟಿಲ್ಲ," ಬಾಗಿಲ ಕಡೆಯಿಂದ ಅಪ್ಪನ ದನಿ. "ಬರಾಕತ್ತಾನ."

"ನಿಮಗ ಹೆಂಗ ಗೊತ್ತರಿ?"

"ಧೂಳ ನೋಡು. ಹೋಗಾವನ ಧೂಳ ಅವನಿಗೂ ನಮಗೂ ನಡಬರಕ ಇರ್ತದ, ಅವ ಮಸಕ ಕಾಣ್ತಾನ. ಬರಾವನ ಧೂಳ ಅವನ ಬೆನ್ನಿಗಿ ಇರ್ತದ. ಇವನ ಟೊಪಗಿ ಸೈತ ಕಾಣಾಕತ್ತದ ನನಗ."

ಹೇಳಿ ಮುಗಿಸುವಷ್ಟರಲ್ಲಿ ಚುಕ್ಕಿ ಬೆಳೆಯಿತು. ಕಾಲು ಮೂಡಿದವು, ಕುದುರೆ ಮೂಡಿತು, ಮೇಲೆ ಟೊಪ್ಪಿಗೆಯ ಮನುಷ್ಯ.  ಒಬ್ಬ ಅಪರಿಚಿತ ನಮ್ಮ ಊರಿಗೇ ಬಂದ ಹಾಗಾಯಿತು.

ಕಥೆ ದೊಡ್ಡದೇನಲ್ಲ. ನೀರಿಲ್ಲದ ಒಂದು ಸಣ್ಣ ಊರು. ಅಲ್ಲೊಬ್ಬ ಹೆಣ್ಣುಮಗಳು, ಅವಳ ಮನೆ, ಮನೆಯ ಮುಂದೊಂದು ಬಾವಿ. ಈ ಸವಾರ ಬಂದು ನೀರು ಕೇಳುತ್ತಾನೆ. ಅವನು ಬಂದ ಮೇಲೆ ಊರ ಕುದುರೆಗಳು ಒಂದೊಂದಾಗಿ ಕಾಣೆಯಾಗುತ್ತವೆ. ಎಲ್ಲರೂ ಅವನ ಮೇಲೆ ಕಣ್ಣಿಡುತ್ತಾರೆ. ಆದರೆ ಅದನ್ನು ತೋರಿಸಿದ ರೀತಿ ಇದೆಯಲ್ಲ ಮಕ್ಕಳೇ, ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಕೆಡುಕು ಬರುವ ಮುಂಚೆ ಆ ದಿಗ್ದರ್ಶಕ ಮನುಷ್ಯರನ್ನು ತೋರಿಸುತ್ತಿರಲಿಲ್ಲ. ಬಾವಿಯ ಗಾಲಿ ತಾನಾಗಿ ಸ್ವಲ್ಪ ತಿರುಗಿ ನಿಲ್ಲುತ್ತಿತ್ತು. ಕೋಳಿಗಳು ಮೇಯುವುದು ಬಿಡುತ್ತಿದ್ದವು. ಆ ಊರಿನ ಅಂಗಡಿಯವ ಮಾತು ಮಾತಿಗೆ ನಗುತ್ತಿದ್ದ. ಅವನು ಬಂದಾಗಲೆಲ್ಲ ಪಕ್ಕದಲ್ಲಿ ನಿಂತ ಕುದುರೆಯ ಕಿವಿ ಕಾಣಿಸುತ್ತಿತ್ತು, ಅಷ್ಟೇ.

"ಭಾಳ ಚಲೋ ಮನಷ್ಯಾರಿ ಇವ," ಅಂದ ಕಾಕಾ.

"ಕುದರಿ ಕಿವಿ ಹಿಂದ ಮಾಡ್ಯದ," ಅಂದ ಅಪ್ಪ. "ಕುದರಿಗಿ ಗೊತ್ತದ. ಕಳ್ಳ ಇವನ."

ಅಷ್ಟು ಹೊತ್ತಿಗೆ ಅರ್ಧ ಜನ ಕಾಕಾನ ಮಾತು ಕೇಳುವುದನ್ನು ಬಿಟ್ಟು ಅಪ್ಪನ ಮಾತು ಕೇಳತೊಡಗಿದ್ದರು. ನಾನಂತೂ ದಿಕ್ಕು ನೋಡುತ್ತಿದ್ದೆ. ದಿಗ್ದರ್ಶಕ ಅಂದಮೇಲೆ ದಿಕ್ಕು ತೋರಿಸಲೇಬೇಕಲ್ಲ? ತೋರಿಸುತ್ತಲೇ ಇದ್ದ. ಆ ಹೆಣ್ಣುಮಗಳ ಮನೆ ಯಾವಾಗಲೂ ನಮ್ಮ ಎಡಕ್ಕೆ, ವಖಾರಿಯ ಹೊರಗೆ ನಮ್ಮ ಬಾವಿ ಇದ್ದ ಕಡೆ. ಕೆಡುಕು ಬರುವುದು ಯಾವಾಗಲೂ ಬಲದಿಂದ, ಬಾಗಿಲ ಕಡೆಯಿಂದ. ಒಮ್ಮೆಯೂ ತಪ್ಪಲಿಲ್ಲ. ಅಕ್ಕನ ಕಿವಿಯಲ್ಲಿ ಹೇಳಿದೆ. "ಸುಮ್ನ ಕುಂದ್ರ, ಭಾಳ ಶಾಣ್ಯಾಕಿ," ಅಂದಳು. ಸ್ವಲ್ಪ ಹೊತ್ತಾದ ಮೇಲೆ ಅವಳೂ ಬಲಕ್ಕೇ ನೋಡುತ್ತ ಕಾಯುತ್ತಿದ್ದಳು.

ನಾಲ್ಕನೇ ಡಬ್ಬಿ ಮುಗಿಯುವಾಗ ಊರವರು ಆ ಸವಾರನನ್ನು ಹಿಡಿದು, ಕೈ ಕಟ್ಟಿ, ಬಾವಿಯ ಕಟ್ಟೆಗೆ ಒರಗಿಸಿ ನಿಲ್ಲಿಸಿದ್ದರು.  ಅಲ್ಲಿಗೆ ಬಟ್ಟೆ ಬೆಳ್ಳಗಾಯಿತು.

ಅಪ್ಪ ಡಬ್ಬಿಯನ್ನು ಕಂಕುಳಲ್ಲಿ ಒತ್ತಿಕೊಂಡು ಹೊರಗೆ ಹೋದ. ಜನ ಕಾದರು. ಲಗೂನ ಬರಲೆಂದು ನನ್ನ ಪಕ್ಕದ ಮುದುಕಿ ಬಟ್ಟೆಯ ಕಡೆ ತಿರುಗಿ ಕೈಮುಗಿಯುತ್ತಿದ್ದಳು. ಬಂದಾಗ ಅಪ್ಪನ ಮುಖ ಕಲ್ಲಾಗಿತ್ತು.

"ಹಿತ್ತಲದಾಗ ಕರ ಇಲ್ಲ. ನಿನ್ನ ಗಾಡಿಯವ ಎಲ್ಲಿ?"

ಕಾಕಾ ಸುತ್ತ ನೋಡಿದ. "ನೀರ ಕುಡಸಾಕ ಹೋಗಿರಬೇಕ್ರಿ."

"ಎತ್ತ ಇಲ್ಲೇ ನಿಂತಾವ. ಎತ್ತ ಬಿಟ್ಟು ಯಾರಿಗಿ ನೀರ ಕುಡಸಾಕ ಹೋದ?"

ಜನ ಎದ್ದರು. ಇಷ್ಟು ಹೊತ್ತು ಆ ಸವಾರನಿಗಾಗಿ ಮರುಗುತ್ತಿದ್ದವರೇ ಮಶೀನಿನ ಸುತ್ತ ನಿಂತರು. "ಮಾರಿ ಮುಚ್ಚಿಕೊಂಡಾಗನ ನಾ ಅಂದಿದ್ದೆ," ಅಂದ ಒಬ್ಬ. "ಮಶೀನ ಹೊರಗ ಬಿಡಬ್ಯಾಡ್ರಿ," ಅಂದ ಇನ್ನೊಬ್ಬ. ಕಾಕಾ ಮಶೀನಿನ ಮೇಲೆ ಎರಡೂ ಕೈಯಿಟ್ಟು ನಿಂತಿದ್ದ.  

 ಕರುವಿನ ಹಗ್ಗಕ್ಕೆ ನಾನು ಎರಡನೇ ಸುತ್ತು ಹಾಕಿರಲಿಲ್ಲ. ಈಗ ಅದು ಕಣ್ಣಿಗೆ ಕಟ್ಟಿದ ಹಾಗೆ ನೆನಪಾಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಅಪ್ಪನ ಪ್ರಾಣದಂಥ ಕರು ಕಳೆದವಳು ನಾನಾಗುತ್ತಿದ್ದೆ. ನಾನು ಬಟ್ಟೆಯ ಕಡೆ ನೋಡಿದೆ. ಅಲ್ಲಿ ಈಗ ಏನೂ ಇರಲಿಲ್ಲ, ಆದರೂ ಕೈ ಕಟ್ಟಿಸಿಕೊಂಡ ಮನುಷ್ಯ ಅಲ್ಲೇ ನಿಂತಂತೆ ಕಾಣುತ್ತಿತ್ತು.

"ಅಪ್ಪಾ, ನಾ ಒಂದ ಸುತ್ತ ಹಾಕಿದ್ದೆ," ಅಂದೆ.

ಅಪ್ಪ ನನ್ನನ್ನು ದಿಟ್ಟಿಸಿ ನೋಡಿದ. "ಖರೇ ಹೇಳಾಕತ್ತಿದಿಯೋ, ಸಿನಿಮಾ ನಿಲ್ಲಬಾರದಂತ ಹೇಳಾಕತ್ತಿದಿಯೋ?"

ನೋಡಿ, ನಾನು ತಪ್ಪು ಒಪ್ಪಿಕೊಂಡರೂ ಅಪ್ಪನಿಗೆ ನಂಬಿಕೆಯಿಲ್ಲ. ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಕರೆದೊಯ್ದ. ಹಿಂದೆ ಅಕ್ಕ ಓಡಿ ಬಂದಳು. ಗೂಟದ ಹತ್ತಿರ ಕುಕ್ಕರಗಾಲಲ್ಲಿ ಕೂತು ನೆಲ ನೋಡಿದ. ಕರುವಿನ ಹೆಜ್ಜೆಯ ಜೊತೆ ಹಗ್ಗ ಎಳೆದುಹೋದ ಗೆರೆ ಇತ್ತು, ಮನುಷ್ಯನ ಹೆಜ್ಜೆ ಇರಲಿಲ್ಲ. ಗೂಟವನ್ನು ಮುಟ್ಟಿ ನೋಡಿದ. ಅದರಲ್ಲಿ ಕೊಯ್ದ ಹಗ್ಗದ ಒಂದು ಎಳೆಯೂ ಉಳಿದಿರಲಿಲ್ಲ. ಪೂರ್ತಿ ಬಿಚ್ಚಿಹೋಗಿತ್ತು.  ಆಮೇಲೆ ಕಂಕುಳಿಂದ ಡಬ್ಬಿ ತೆಗೆದು ಅಕ್ಕನ ಕೈಗೆ ಕೊಟ್ಟ.

"ಕಾಕಾಗ ಕೊಡು. ಚಾಲೂ ಮಾಡಂತ ಹೇಳು. ಯಾರೂ ಅವನ ಮೈ ಮುಟ್ಟಬಾರದಂತ ನಾ ಹೇಳೀನಂತ ಹೇಳು."

ಅಪ್ಪ ಏನನ್ನಾದರೂ ಪೂರ್ತಿ ಖಾತ್ರಿ ಮಾಡಿಕೊಳ್ಳದೆ ಕೈಬಿಟ್ಟದ್ದು ನಾನು ಕಂಡ ಹಾಗೆ ಅದೇ ಮೊದಲು. ಕರುವಂತೂ ಇನ್ನೂ ಸಿಕ್ಕಿರಲಿಲ್ಲ. ಗಾಡಿಯವನೂ ಸಿಕ್ಕಿರಲಿಲ್ಲ.

ಅಕ್ಕ ವಖಾರಿಗೆ ಓಡಿದಳು. ನಾನೂ ಅಪ್ಪನೂ ಹೆಜ್ಜೆಗಳ ಹಿಂದೆ ಮಾಳ ಹತ್ತಿದೆವು. ಬಿಸಿಲಿಗೆ ಕಲ್ಲು ಸುಡುತ್ತಿದ್ದವು. ನಡುದಾರಿಯಲ್ಲಿ ಕರುವಿನ ಹೆಜ್ಜೆಯ ಮೇಲೆ ಮನುಷ್ಯನ ಚಪ್ಪಲಿಯ ಗುರುತು ಕೂಡಿಕೊಂಡಿತು. ಅಪ್ಪ ನಿಂತ. ನನಗೆ ಅಳು ಬಂತು, ಆದರೆ ಅಳುವ ಧೈರ್ಯವಿರಲಿಲ್ಲ. ದಿಬ್ಬ ಏರಿ ನೋಡಿದರೆ ದೂರದಲ್ಲಿ, ಆಕಾಶ ನೆಲಕ್ಕೆ ತಾಗುವಲ್ಲಿ, ಒಂದು ಚುಕ್ಕಿ. ಸುತ್ತ ಧೂಳು.

"ಹೊಂಟಾನೋ, ಬರಾಕತ್ತಾನೋ?" ಅಪ್ಪ ಕೇಳಿದ. ಅವನ ಕಣ್ಣಿಗೆ ಬೆವರು ಇಳಿದಿತ್ತು. "ನೀ ನೋಡು. ಧೂಳ ಎಲ್ಲಿ ಅದ?"

ನಾನು ಕೈ ಅಡ್ಡ ಹಿಡಿದು ನೋಡಿದೆ. ಬೆಳ್ಳಗಿನ ಒಂದು ಚೂರು ಹೊಳೆಯಿತು, ನಮ್ಮ ಕರುವಿನ ಬಿಳಿ. ಅದಕ್ಕೂ ನನಗೂ ನಡುವೆ ಏನೂ ಇರಲಿಲ್ಲ.

"ಅವನ ಬೆನ್ನಿಗಿ ಅದ, ಅಪ್ಪಾ."

ಅಪ್ಪ ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟ. ಗಾಡಿಯವನು ಹತ್ತಿರ ಬಂದ. ಹಗ್ಗ ಎಲ್ಲೋ ಮುಳ್ಳಿಗೆ ಸಿಕ್ಕಿ ಹರಿದಿತ್ತಂತೆ. ಮುಖದ ರುಮಾಲು ಬಿಚ್ಚಿ ಅದರಿಂದಲೇ ಕರುವಿನ ಕೊರಳಿಗೆ ಕಟ್ಟಿದ್ದ. ಅದು ಬರಲೊಲ್ಲೆನೆಂದು ನಾಲ್ಕೂ ಕಾಲು ಊರಿ ಜಗ್ಗುತ್ತಿತ್ತು, ಧೂಳೆಬ್ಬಿಸುತ್ತಿತ್ತು, ನಡುನಡುವೆ ರುಮಾಲನ್ನೇ ಅಗಿಯುತ್ತಿತ್ತು. ಆಗ ಅವನ ಮುಖ ಮೊದಲ ಸಲ ಕಂಡೆವು. ನಾವೆಣಿಸಿದ್ದ ಗಾಯವೂ ಇರಲಿಲ್ಲ, ಗುರುತೂ ಇರಲಿಲ್ಲ. ಮುಂದಿನ ಹಲ್ಲು ಬಿದ್ದ ಒಬ್ಬ ಮುದುಕ. ಮಾತಾಡಲು ನಾಚಿಕೆ ಅವನಿಗೆ.

"ಹಗ್ಗ ಎಳಕೊಂಡು ಓಡೂದ ಕಂಡಿನ್ರಿ, ಓಡ್ಯಾಡಿಸಿ ಸಾಕ ಮಾಡ್ತರಿ," ಅಂದ. ಹಲ್ಲಿಲ್ಲದ ಬಾಯಿಯಲ್ಲಿ ಮಾತು ಗಾಳಿಯ ಹಾಗೆ ಬಂತು. "ಚಲೋ ಕರರಿ. ಕಾಲ ಭಾಳ ಚಲೋ ಅದಾವ."

ಅಪ್ಪ ತನ್ನ ತಲೆಯ ರುಮಾಲು ಬಿಚ್ಚಿ ಅವನ ಕೈಗೆ ಕೊಟ್ಟ. ಆ ಕಾಲದಲ್ಲಿ ಗಂಡಸರು ಬರಿತಲೆಯಲ್ಲಿ ಊರೊಳಗೆ ಕಾಲಿಡುತ್ತಿರಲಿಲ್ಲ. ಅಪ್ಪ ಆವತ್ತು ಬರಿತಲೆಯಲ್ಲೇ ಬಂದ.

ನಾವು ಮುಟ್ಟುವಷ್ಟರಲ್ಲಿ ಐದನೇ ಡಬ್ಬಿ ಮುಗಿದಿತ್ತು. ಜನ ವಖಾರಿಯ ಮುಂದೆ ಕಣ್ಣು ಕಿರಿದು ಮಾಡಿಕೊಂಡು ಜಗಳಾಡುತ್ತಿದ್ದರು. ಅಂಗಡಿಯವನೇ ಕಳ್ಳನೆಂದು ಗೊತ್ತಾಯಿತಂತೆ, ಸವಾರನ ಕೈ ಬಿಚ್ಚಿದರಂತೆ. ಅವನು ಯಾರಿಗೂ ಹೇಳದೆ ಹೊರಟನಂತೆ. ಆ ಹೆಣ್ಣುಮಗಳು ಬಾಗಿಲಲ್ಲಿ ನಿಂತು ನೋಡುತ್ತಾಳಂತೆ. ಬಟ್ಟೆ ತುಂಬ ಮತ್ತೆ ಆಕಾಶ, ನಟ್ಟನಡುವೆ ಒಂದು ಚುಕ್ಕಿ. ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ. ಅಲ್ಲಿಗೆ ಮುಗಿಯಿತಂತೆ. ಅವನು ಹೋದನೆಂದು ಅರ್ಧ ಜನ. ಹೋದವನು ತಿರುಗಿ ಬರುತ್ತಿದ್ದನೆಂದು ಅರ್ಧ ಜನ.

"ಹೋದ," ಅಂದಳು ಅಕ್ಕ. "ನಾ ಕಣ್ಣಾರ ನೋಡೀನಿ."

"ಧೂಳ ಎಲ್ಲಿತ್ತು?" ಅಂದ ಅಪ್ಪ.

ಅಕ್ಕ ಧೂಳು ನೋಡಿರಲಿಲ್ಲ. ಇಡೀ ವಖಾರಿಯಲ್ಲಿ ಯಾರೂ ನೋಡಿರಲಿಲ್ಲ. ನೋಡಬೇಕಾಗಿದ್ದವನು ನನ್ನ ಒಂದು ಸುತ್ತಿನ ಗಂಟಿನಿಂದ ಮಾಳದ ಮೇಲಿದ್ದ.

ಅಪ್ಪ ಕಾಕಾನ ಹತ್ತಿರ ಹೋಗಿ, ಐದನೇದು ಇನ್ನೊಮ್ಮೆ ತೋರಿಸು ಅಂದ. ಎಂಜಿನ್ನಿನ ಎಣ್ಣೆ ಮುಗಿದಿದೆ ಅಂದ ಕಾಕಾ. ಅಪ್ಪ ಎಣ್ಣೆಯ ಡಬ್ಬ ಎತ್ತಿ ಅಲ್ಲಾಡಿಸಿ ನೋಡಿದ. ಖರೇನೇ ಖಾಲಿ ಇತ್ತು. "ನಾ ಎರಡ ಸರ್ತಿ ನೋಡೀನ್ರಿ ಸಾವಕಾರ್ರ," ಅಂದ ಕಾಕಾ. "ಒಮ್ಮೆ ಹೋದಂಗ ಕಾಣ್ತು, ಒಮ್ಮೆ ಬಂದಂಗ." ಅವ್ವ ಅವರಿಬ್ಬರಿಗೂ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಗಾಡಿ ಉಮದಿ ದಾರಿ ಹಿಡಿಯಿತು. ಅದರ ಧೂಳು ನಮಗೂ ಅವರಿಗೂ ನಡುವೆ ಎದ್ದು, ಇಳಿಯುವವರೆಗೆ ಅಪ್ಪ ನೋಡುತ್ತ ನಿಂತಿದ್ದ.

"ಆ ದಿಗ್ದರ್ಶಕ," ಅಂದ ಕೊನೆಗೆ, "ದನ ಕಾಯ್ದಾವ ಇರಬೇಕು."

ಅಪ್ಪನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಆಮೇಲೆ ಎಷ್ಟೋ ವರ್ಷ ಊಟಕ್ಕೆ ಕೂತಾಗ ಒಮ್ಮೊಮ್ಮೆ ಕೈ ನಿಲ್ಲಿಸಿ, "ಬಂದಿರಬೇಕು ಅವ" ಅನ್ನುತ್ತಿದ್ದ. ಮರುದಿನ, "ಇಲ್ಲ, ಹೋಗಿರಬೇಕು" ಅನ್ನುತ್ತಿದ್ದ. ಆ ಐದನೇ ಡಬ್ಬಿ ನೋಡದೇ ಅಪ್ಪ ತೀರಿಕೊಂಡ.

ಈಗ ನಿಮ್ಮ ಕಾಲದ ಮಾತಿಗೆ ಬರುತ್ತೇನೆ. ನಮ್ಮ ಊರಿಗೆ ಐದು ಡಬ್ಬಿ ಬಂದದ್ದು ಒಮ್ಮೆ. ನಿಮ್ಮ ಅಂಗೈಯಲ್ಲಿ ಜಗತ್ತಿನ ಎಲ್ಲ ಡಬ್ಬಿಗಳೂ ಇವೆ, ಎಣ್ಣೆ ಮುಗಿಯುವ ಭಯವಿಲ್ಲ. ಬಾವಿ, ಕುದುರೆ, ಕಿವಿ, ಚುಕ್ಕಿ ಎಂದು ನಾನು ಹೇಳಿದ್ದನ್ನೇ ಹಿಡಿದು ಮೊಮ್ಮಗಳು ನಾಲ್ಕು ತಿಂಗಳು ಹುಡುಕಿದಳು. ಇದಾ ಅಜ್ಜಿ, ಇದಾ ಅಜ್ಜಿ ಎಂದು ಎಷ್ಟು ಕುದುರೆ ತೋರಿಸಿದಳೋ. ಹೋದ ರವಿವಾರ ಅವಳ ಫೋನಿನಲ್ಲಿ ಆಕಾಶ ಬಂತು, ಮುಕ್ಕಾಲು ಪಾಲು. ನಾನು ಕೂತಲ್ಲಿಂದ ಎದ್ದು ನಿಂತೆ. ಕೊನೆಯ ಚುಕ್ಕಿ ಬಂದಾಗ ಮೊಮ್ಮಗ "ಹೋಗ್ತಿದಾನೆ" ಅಂದ, ಮೊಮ್ಮಗಳು "ಬರ್ತಿದಾನೆ" ಅಂದಳು. ಅದೇ ಜಗಳ, ಒಂದಕ್ಷರ ಬದಲಾಗಿಲ್ಲ. ನಾನು ನಿಲ್ಲಿಸು ಅಂದೆ. ಅವಳು ನಿಲ್ಲಿಸಿದಳು. ದೊಡ್ಡದು ಮಾಡು ಅಂದೆ. ಎರಡು ಬೆರಳಿಟ್ಟು ಅಗಲಿಸಿದಳು. ಅಪ್ಪನಿಗೆ ಅಂಥ ಬೆರಳು ಬೇಕಿರಲಿಲ್ಲ, ನನಗೆ ಬೇಕಾಯಿತು. ನಾನು ಕನ್ನಡಕ ಒರೆಸಿಕೊಂಡು ಧೂಳು ಹುಡುಕಿದೆ. ಟೊಪ್ಪಿಗೆಯ ಅಂಚು ಸ್ಪಷ್ಟ ಕಂಡಿತು. ಧೂಳು ಅವನ ಬೆನ್ನಿಗಿತ್ತು.

ಕೂಡಲೇ ಅಕ್ಕನಿಗೆ ಫೋನು ಹಚ್ಚಿಸಿದೆ. ಅವಳಿಗೀಗ ಎಂಬತ್ತು ದಾಟಿದೆ, ಕಿವಿ ಮಂದ. "ಅಕ್ಕಾ, ಅವ ಹೋಗಿರಲಿಲ್ಲ, ಬರಾಕತ್ತಿದ್ದ," ಎಂದು ಮೂರು ಸಲ ಕೂಗಿ ಹೇಳಿದೆ.  ಆ ಕಡೆಯಿಂದ ಅಕ್ಕನ ಬಾಯಲ್ಲಿ ಅಪ್ಪನದೇ ದನಿ ಬಂತು.

"ಖರೇನ ಧೂಳ ನೋಡಿದಿಯೋ, ನನ್ನ ಸೋಲ್ಸಾಕ ಹೇಳಾಕತ್ತಿದಿಯೋ?"